ಡಿಸೆಂಬರಿನಲ್ಲಿ ಥಾರ್ ಮರುಭೂಮಿಗೆ ಕಾರಿನಲ್ಲಿ: ಹಗಲು ನೋಡಿ ದಾರಿ ಹಾಕಿ

ಪ್ರಶ್ನೆ: ನಾವು ಹುಬ್ಬಳ್ಳಿಯವರು. ಡಿಸೆಂಬರ್ 20ರಿಂದ ಹನ್ನೆರಡು ದಿನ ಬಿಡುವಿದೆ. ನಾನು, ಪತ್ನಿ, ಆರನೆಯ ತರಗತಿಯ ಮಗ ಮತ್ತು ಎಪ್ಪತ್ತು ದಾಟಿದ ನಮ್ಮ ತಾಯಿ ಹೊರಡುವವರು. ನಮ್ಮದೇ ಕಾರಿನಲ್ಲಿ ರಾಜಸ್ಥಾನದ ಮರುಭೂಮಿ ನೋಡಿ ಬರಬೇಕೆಂಬ ಆಸೆ. ಜೋಧಪುರ, ಬಿಕಾನೇರ್, ಜೈಸಲ್ಮೇರ್, ಬಾರ್ಮೇರ್, ಮೌಂಟ್ ಅಬು, ಉದಯಪುರ ಎಂದು ಪಟ್ಟಿ ಮಾಡಿದ್ದೇವೆ. ಸಾಮಾನ್ಯ ಕಾರು ಮರಳಿನಲ್ಲಿ ಓಡುತ್ತದೆಯೇ? ತಾಯಿಯವರಿಗೆ ಅಲ್ಲಿನ ಚಳಿ ತಡೆಯುತ್ತದೆಯೇ? ತನೋಟ್ ಗಡಿಗೆ ಹೋಗಲು ಅನುಮತಿ ಬೇಕೇ? ಡೇರೆಯಲ್ಲಿ ಉಳಿಯಬಹುದೇ? ದಯವಿಟ್ಟು ವಿವರವಾಗಿ ತಿಳಿಸಿ.

ಉತ್ತರ: ನಿಮ್ಮ ಪಟ್ಟಿಯಿಂದ ಮೊದಲು ಮೌಂಟ್ ಅಬು ಮತ್ತು ಉದಯಪುರವನ್ನು ತೆಗೆದುಹಾಕಿ. ಅವೆರಡೂ ಚೆಂದದ ಊರುಗಳೇ. ಆದರೆ ಅವು ಅರಾವಳಿ ಬೆಟ್ಟಸಾಲಿನ ಊರುಗಳು, ಮರುಭೂಮಿಗೆ ಸೇರಿದವಲ್ಲ. ಅವುಗಳಿಗಾಗಿ ಇನ್ನೊಮ್ಮೆ ಬನ್ನಿ. ಬಿಕಾನೇರನ್ನೂ ಈ ಸಲ ಬಿಡಿ ಎನ್ನುತ್ತೇನೆ, ಕಾರಣ ಮುಂದೆ ಬರುತ್ತದೆ. ಹೀಗೆ ಮಾಡಿದರೆ ನಿಮ್ಮ ಕೈಯಲ್ಲಿ ಉಳಿಯುವುದು ಜೋಧಪುರದಿಂದ ಜೈಸಲ್ಮೇರಿನವರೆಗಿನ ದಾರಿ, ಅಲ್ಲಿಂದ ಪಶ್ಚಿಮಕ್ಕೆ ಗಡಿಯವರೆಗಿನ ನೆಲ. ಎಂಟು ರಾತ್ರಿಗಳಿಗೆ ಅದು ತುಂಬಿ ತುಳುಕುವಷ್ಟಿದೆ.

ನಿಮ್ಮಂಥ ಪಟ್ಟಿಗಳು ನನಗೆ ಆಗಾಗ ಬರುತ್ತವೆ. ಎಲ್ಲದರಲ್ಲೂ ಒಂದೇ ಲೆಕ್ಕ: ಇಲ್ಲಿಂದ ಅಲ್ಲಿಗೆ ಇಷ್ಟು ಕಿಲೋಮೀಟರ್, ಗಂಟೆಗೆ ಇಷ್ಟು ವೇಗ, ಆದ್ದರಿಂದ ಇಷ್ಟು ಹೊತ್ತು. ಪಶ್ಚಿಮ ರಾಜಸ್ಥಾನದ ಹೆದ್ದಾರಿಗಳು ಈಗ ಎಷ್ಟು ಚೆನ್ನಾಗಿವೆಯೆಂದರೆ ಆ ಲೆಕ್ಕ ಸುಳ್ಳಾಗುವುದೂ ಇಲ್ಲ. ಆದರೆ ಚಳಿಗಾಲದಲ್ಲಿ ಅಲ್ಲಿ ಕೊರತೆ ಇರುವುದು ರಸ್ತೆಗಲ್ಲ, ಬೆಳಕಿಗೆ. ಡಿಸೆಂಬರ್ ಕೊನೆಯ ವಾರ ಜೈಸಲ್ಮೇರಿನಲ್ಲಿ ಸೂರ್ಯ ಹುಟ್ಟುವುದು ಬೆಳಿಗ್ಗೆ ಏಳೂವರೆಯ ಹೊತ್ತಿಗೆ, ಮುಳುಗುವುದು ಸಂಜೆ ಆರರ ಆಸುಪಾಸಿನಲ್ಲಿ. ಹತ್ತೂವರೆ ಗಂಟೆಯ ಹಗಲು. ಅದರಲ್ಲಿ ಬೆಳಗಿನ ಒಂದು ಗಂಟೆ ಚಳಿಗೆ ಹೋಗುತ್ತದೆ, ತಾಯಿಯವರ ಸ್ನಾನ ಮತ್ತು ತಿಂಡಿಗೆ ಇನ್ನೊಂದು ಗಂಟೆ. ಉಳಿದ ಎಂಟೂವರೆ ಗಂಟೆಯಲ್ಲಿ ನಾಲ್ಕಕ್ಕಿಂತ ಹೆಚ್ಚು ಗಂಟೆ ಕಾರಿನಲ್ಲಿ ಕಳೆದರೆ ಮರುಭೂಮಿಯನ್ನು ಗಾಜಿನ ಆಚೆಯಿಂದ ನೋಡಿ ಬಂದಂತಾಗುತ್ತದೆ, ಅಷ್ಟೆ. ಆದ್ದರಿಂದ ದಿನಕ್ಕೆ ನಾಲ್ಕು ಗಂಟೆಯ ಚಾಲನೆ, ಸಂಜೆ ಐದೂವರೆಗೆ ಕಾರು ನಿಲ್ಲಬೇಕು. ಈ ಎರಡನ್ನು ಬಿಟ್ಟುಕೊಡದೆ ಉಳಿದುದನ್ನೆಲ್ಲ ಹೊಂದಿಸಿಕೊಳ್ಳಿ.

ಐದೂವರೆಯ ಗಡುವು ಇಷ್ಟು ಬಿಗಿ ಏಕೆ ಎಂದು ಕೇಳಬಹುದು. ಒಂಟೆಗಳು, ಹಸುಗಳು, ನೀಲಗಾಯಿಗಳು, ಕುರಿಹಿಂಡುಗಳು ಕಾರಣ. ಥಾರ್ ಪ್ರದೇಶದಲ್ಲಿ ದನಕರುಗಳು ಬೇಲಿಯಿಲ್ಲದೆ ಮೇಯುತ್ತವೆ. ರಾತ್ರಿಯಾದ ಮೇಲೂ ಅವು ರಸ್ತೆ ದಾಟುತ್ತವೆ, ಡಾಂಬರಿನ ಮೇಲೆ ಮಲಗಿರುವುದೂ ಉಂಟು. ಇವೆಲ್ಲದರಲ್ಲಿ ಒಂಟೆಯದೇ ದೊಡ್ಡ ಅಪಾಯ. ಹೆಡ್‌ಲೈಟಿನ ತಗ್ಗು ಬೆಳಕು ಒಂಟೆಯ ಕಾಲಿಗಷ್ಟೇ ಬೀಳುತ್ತದೆ. ನಾಲ್ಕು ತೆಳ್ಳನೆಯ ಕಾಲುಗಳು ರಸ್ತೆಬದಿಯ ಪೊದೆಯ ಕಡ್ಡಿಗಳಂತೆಯೇ ಕಾಣುತ್ತವೆ, ಮೈಯ ಬಣ್ಣವಂತೂ ಮರಳಿನದೇ. ಅದು ಒಂಟೆ ಎಂದು ಕಣ್ಣಿಗೆ ತಿಳಿಯುವ ಹೊತ್ತಿಗೆ ಬ್ರೇಕಿಗೆ ಜಾಗ ಉಳಿದಿರುವುದಿಲ್ಲ. ಕಾರಿನ ಮೂತಿ ಕಾಲಿಗೆ ತಾಗಿದರೆ ನಾಲ್ಕೈದು ಕ್ವಿಂಟಲ್ ತೂಕದ ಮೈ ನೇರ ಮುಂಗಾಜಿನ ಮೇಲೆ ಬಂದು ಬೀಳುತ್ತದೆ. ದನಕ್ಕೆ ಡಿಕ್ಕಿಯಾದಾಗ ಉಳಿಯುವ ಅವಕಾಶ ಇಲ್ಲಿ ಉಳಿಯುವುದಿಲ್ಲ. ಇದನ್ನು ಹೆದರಿಸಲು ಬರೆಯುತ್ತಿಲ್ಲ. ಹಗಲಿನಲ್ಲಿ ಇದೇ ರಸ್ತೆಗಳು ಅತ್ಯಂತ ನಿರಾತಂಕ. ಕತ್ತಲೆಯ ನಂತರದ ಒಂದು ಗಂಟೆಯ ಪ್ರಯಾಣಕ್ಕಾಗಿ ಅದನ್ನು ಪಣಕ್ಕಿಡುವ ಅಗತ್ಯ ಖಂಡಿತ ಇಲ್ಲ.

ಈಗ ನಿಮ್ಮ ಕಾರಿನ ವಿಷಯ. ಹುಬ್ಬಳ್ಳಿಯಿಂದ ಪುಣೆ, ಅಹಮದಾಬಾದ್ ಮಾರ್ಗವಾಗಿ ಜೋಧಪುರ ಸುಮಾರು 1,550 ಕಿ.ಮೀ. ವಯಸ್ಸಾದವರನ್ನು ಕೂರಿಸಿಕೊಂಡು ಹೋಗಲು ಮೂರು ದಿನ, ಬರಲು ಮೂರು ದಿನ. ಹನ್ನೆರಡರಲ್ಲಿ ಆರು ದಿನ ಮಹಾರಾಷ್ಟ್ರ ಮತ್ತು ಗುಜರಾತಿನ ಹೆದ್ದಾರಿಯಲ್ಲೇ ಮುಗಿಯುತ್ತದೆ. ಬೆಂಗಳೂರಿನಿಂದ ಜೋಧಪುರಕ್ಕೆ ಹೋಗುವ ರೈಲು ಹುಬ್ಬಳ್ಳಿಯ ಮೂಲಕವೇ ಹೋಗುತ್ತದೆ. ತಾಯಿಯವರು ಕಾಲು ಚಾಚಿ ಮಲಗಿಕೊಂಡು ಬರಬಹುದು. ಜೋಧಪುರದಲ್ಲಿ ಇಳಿದು ಬಾಡಿಗೆ ಕಾರು ಹಿಡಿಯಿರಿ. ನೀವೇ ಓಡಿಸುವ ಕಾರು ಸಿಗುತ್ತದೆ, ಚಾಲಕನ ಸಮೇತವೂ ಸಿಗುತ್ತದೆ. ನೀವೇ ಓಡಿಸಲು ಬಯಸುತ್ತೀರಿ ಎಂಬುದು ಪತ್ರದಿಂದ ಗೊತ್ತಾಗುತ್ತದೆ. ಒಳ್ಳೆಯದೇ. ಆ ರಸ್ತೆಗಳಲ್ಲಿ ಓಡಿಸುವ ಸುಖವೇ ಬೇರೆ. ಕರಾರು ಪತ್ರಕ್ಕೆ ಸಹಿ ಹಾಕುವ ಮೊದಲು ಎರಡು ವಿಷಯ ಕೇಳಿ: ಡಾಂಬರು ಬಿಟ್ಟು ಇಳಿದಾಗ ಆಗುವ ಹಾನಿಗೆ ವಿಮೆ ಇದೆಯೇ (ಸಾಮಾನ್ಯವಾಗಿ ಇರುವುದಿಲ್ಲ), ಹೆಚ್ಚುವರಿ ಟೈರಿನಲ್ಲಿ ಗಾಳಿ ಇದೆಯೇ. ಎರಡನೆಯದನ್ನು ಕೇಳಿ ಬಿಡಬೇಡಿ, ಕೈಯಿಂದ ಒತ್ತಿ ನೋಡಿ.

ಸಾಮಾನ್ಯ ಕಾರು ಮರಳುದಿಬ್ಬದ ಮೇಲೆ ಓಡುವುದಿಲ್ಲ. ಓಡಿಸಲು ಪ್ರಯತ್ನವನ್ನೂ ಮಾಡಬೇಡಿ. ದಿಬ್ಬ ಹತ್ತುವ ಆಸೆಯಿದ್ದರೆ ಸ್ಥಳೀಯರ ಜೀಪಿದೆ, ಒಂಟೆಗಾಡಿಯಿದೆ. ಆದರೆ ದಿಬ್ಬಕ್ಕೆ ಹೋಗದಿದ್ದರೂ ಮರಳು ನಿಮ್ಮನ್ನು ಹಿಡಿಯಬಹುದು. ಜೈಸಲ್ಮೇರಿನಿಂದ ಮುಂದೆ ರಾಮಗಢದ ಆಚೆಗೆ, ಖುರಿ ಹಳ್ಳಿಯ ಕಡೆಗೆ ಕೆಲವು ರಸ್ತೆಗಳು ಒಂದೇ ವಾಹನದಗಲ. ಎದುರಿಗೆ ಲಾರಿ ಬಂದಾಗ ಎಡಗಡೆಯ ಎರಡು ಚಕ್ರ ಕೆಳಗಿಳಿಸಬೇಕಾಗುತ್ತದೆ. ಅಲ್ಲಿ ನೆಲ ಗಟ್ಟಿಯಾಗಿ ಕಂಡರೂ ಮೇಲುಪದರದ ಕೆಳಗೆ ಹಿಟ್ಟಿನಂಥ ಮರಳಿರುತ್ತದೆ. ಚಕ್ರ ಕುಸಿದ ಕೂಡಲೇ ಎಲ್ಲರೂ ಮಾಡುವುದು ಆಕ್ಸಿಲರೇಟರ್ ಒತ್ತುವುದು. ಚಕ್ರ ತಿರುಗಿದಷ್ಟೂ ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುತ್ತದೆ, ಅರ್ಧ ನಿಮಿಷದಲ್ಲಿ ಕಾರಿನ ಹೊಟ್ಟೆ ನೆಲಕ್ಕೆ ಕೂರುತ್ತದೆ. ಬದಲಿಗೆ ಒಮ್ಮೆ ಚಕ್ರ ಜಾರಿತೆಂದರೆ ಕಾಲು ತೆಗೆಯಿರಿ, ಎಲ್ಲರನ್ನೂ ಇಳಿಸಿ. ಚಕ್ರದ ಮುಂದೆ ಹಿಂದೆ ಕೂಡಿದ ಮರಳನ್ನು ಕೈಯಿಂದ ಬಾಚಿ ತೆಗೆಯಿರಿ. ಸಿಲುಕಿದ ಚಕ್ರಗಳ ಗಾಳಿಯನ್ನು 32–33ರಿಂದ 18 ಪಿಎಸ್‌ಐವರೆಗೆ ಇಳಿಸಿ. ಟೈರು ಅಗಲವಾಗಿ ಹರಡಿಕೊಂಡು ಮರಳಿನ ಮೇಲೆ ಕೂರುತ್ತದೆ. ಚಕ್ರದಡಿ ಗೋಣಿಚೀಲ ಅಥವಾ ಕಾರಿನ ಕಾಲೊರಸು ಹಾಸಿ, ಸ್ಟಿಯರಿಂಗ್ ನೇರ ಮಾಡಿ, ಬಂದ ಜಾಡಿನಲ್ಲೇ ನಿಧಾನವಾಗಿ ಹಿಂದಕ್ಕೆ ತೆಗೆಯಿರಿ. ಹಾಸಿದ್ದು ಚಕ್ರಕ್ಕೆ ಸಿಕ್ಕಿ ಹಾರಿ ಹೊಡೆಯುವುದರಿಂದ ಯಾರೂ ಚಕ್ರದ ನೇರಕ್ಕೆ ನಿಲ್ಲಬಾರದು. ಡಾಂಬರಿಗೆ ಬಂದ ಮೇಲೆ ಗಾಳಿ ತುಂಬದೆ ವೇಗ ಹಿಡಿಯಬೇಡಿ, ಗಾಳಿ ಕಡಿಮೆಯಿರುವ ಟೈರು ಬಿಸಿಯಾಗಿ ಸಿಡಿಯುತ್ತದೆ. ಕಾರಿನ ಸಾಕೆಟ್ಟಿಗೆ ಚುಚ್ಚುವ ಸಣ್ಣ ಗಾಳಿಪಂಪು, ಗಾಳಿ ಅಳೆಯುವ ಮಾಪಕ, ನಾಲ್ಕು ಗೋಣಿಚೀಲ, ಎಳೆಯುವ ಹಗ್ಗ: ಇಷ್ಟು ಡಿಕ್ಕಿಯಲ್ಲಿರಲಿ. ಗಾಳಿಪಂಪನ್ನು ಹುಬ್ಬಳ್ಳಿಯಿಂದಲೇ ಒಯ್ಯಿರಿ.

ಚಳಿಯ ಬಗ್ಗೆ. ಮರುಭೂಮಿ ಎಂದರೆ ಬಿಸಿಲು ಎಂಬ ಕಲ್ಪನೆಯಲ್ಲಿ ತೆಳುವಾದ ಹತ್ತಿ ಬಟ್ಟೆ ತುಂಬಿಕೊಂಡು ಹೋಗುವವರಿದ್ದಾರೆ. ನಿಮ್ಮ ದಾರಿಯಲ್ಲೇ ಸಿಗುವ ಫಲೋದಿಯಲ್ಲಿ 2016ರ ಮೇ 19ರಂದು 51 ಡಿಗ್ರಿ ಸೆಲ್ಸಿಯಸ್ ದಾಖಲಾಗಿತ್ತು. ಅದೇ ನೆಲದಲ್ಲಿ ಡಿಸೆಂಬರ್ ಕೊನೆಯ ರಾತ್ರಿಗಳು ಸಾಮಾನ್ಯವಾಗಿ ಎಂಟು ಡಿಗ್ರಿಯ ಸುತ್ತ ಇರುತ್ತವೆ, ಶೀತಗಾಳಿ ಬೀಸಿದರೆ ಇನ್ನೂ ಕೆಳಗೆ ಹೋಗುತ್ತವೆ. ಮೋಡವಿಲ್ಲದ ಒಣ ಆಕಾಶ ಮತ್ತು ಒಣ ಮರಳು, ಎರಡೂ ಹಗಲಿನ ಕಾವನ್ನು ಹಿಡಿದಿಟ್ಟುಕೊಳ್ಳಲಾರವು. ಸಂಜೆ ಸೂರ್ಯ ಮುಳುಗಿದ ಒಂದು ಗಂಟೆಯಲ್ಲಿ ಮಗ ಸ್ವೆಟರ್ ಕೇಳುತ್ತಾನೆ. ಮಧ್ಯಾಹ್ನ ಇಪ್ಪತ್ತೈದು ಡಿಗ್ರಿಯ ಹಿತವಾದ ಬಿಸಿಲು. ಆದ್ದರಿಂದ ಒಂದು ದಪ್ಪ ಜಾಕೆಟ್ಟಿಗಿಂತ ಪದರ ಪದರವಾಗಿ ತೊಡುವ, ಕಳಚುವ ಬಟ್ಟೆ ಮೇಲು. ಮೈಗಂಟುವ ಉಷ್ಣವಸ್ತ್ರ, ಅದರ ಮೇಲೆ ಹತ್ತಿ, ಅದರ ಮೇಲೆ ಉಣ್ಣೆ, ಗಾಳಿ ತಡೆಯುವ ಹೊದಿಕೆ, ಕಿವಿ ಮುಚ್ಚುವ ಟೋಪಿ. ತಾಯಿಯವರಿಗೆ ರಬ್ಬರಿನ ಬಿಸಿನೀರಿನ ಚೀಲ ಮತ್ತು ದಪ್ಪ ಕಾಲುಚೀಲ ಮರೆಯಬೇಡಿ. ಹಳೆಯ ಹವೇಲಿಗಳ ಕಲ್ಲಿನ ಕೋಣೆಗಳು ಬೇಸಿಗೆಗೆಂದು ಕಟ್ಟಿದವು. ಡಿಸೆಂಬರಿನಲ್ಲಿ ಅವು ಹೊರಗಿಗಿಂತ ತಣ್ಣಗಿರುತ್ತವೆ. ಕೋಣೆ ಕಾದಿರಿಸುವಾಗ ಬಿಸಿಲು ಬೀಳುವ ಕಿಟಕಿಯಿರುವ, ಮೆಟ್ಟಿಲು ಕಡಿಮೆಯಿರುವ ಕೋಣೆ ಕೇಳಿ.

ಚಳಿಗಿಂತ ಚಳಿ ಕಾಯಿಸುವ ಬಗೆ ಹೆಚ್ಚು ಅಪಾಯಕಾರಿ. ಡೇರೆಯೊಳಗೆ, ಮುಚ್ಚಿದ ಕೋಣೆಯೊಳಗೆ ಕೆಂಡದ ಅಗ್ಗಿಷ್ಟಿಕೆ ಇಟ್ಟುಕೊಂಡು ಮಲಗಬೇಡಿ. ಯಾರಾದರೂ ಪ್ರೀತಿಯಿಂದ ತಂದಿಟ್ಟರೂ ಮಲಗುವ ಮೊದಲು ಹೊರಗಿಡಿಸಿ. ಕೆಂಡದಿಂದ ಹೊರಡುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಬಣ್ಣವಿಲ್ಲ. ನಿದ್ದೆಯಲ್ಲಿದ್ದವರಿಗೆ ಅದು ಗೊತ್ತಾಗುವುದೇ ಇಲ್ಲ. ಉತ್ತರ ಭಾರತದಲ್ಲಿ ಚಳಿಗಾಲ ಬಂತೆಂದರೆ ಇಂಥ ಸಾವುಗಳ ಸುದ್ದಿ ಓದುತ್ತೇವೆ. ಸ್ನಾನದ ಮನೆಯಲ್ಲಿ ಗ್ಯಾಸ್ ಗೀಸರ್ ಇದ್ದರೆ ಅದರ ಕಿಟಕಿ ತೆರೆದಿರಬೇಕು. ಮಗನಿಗೂ ಇದನ್ನು ಬಿಡಿಸಿ ಹೇಳಿ.

ಗಾಳಿ ತುಂಬ ಒಣಗಿರುತ್ತದೆ. ಚಳಿಯಲ್ಲಿ ಬಾಯಾರಿಕೆ ತಿಳಿಯದ ಕಾರಣ ನೀರು ಕುಡಿಯುವುದು ಮರೆತುಹೋಗುತ್ತದೆ. ತುಟಿ ಒಡೆಯುತ್ತದೆ, ಕೆಲವರಿಗೆ ಮೂಗಿನಲ್ಲಿ ರಕ್ತ ಕಾಣಿಸಿಕೊಳ್ಳುತ್ತದೆ. ತಾಯಿಯವರು ಬಿ.ಪಿ. ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಹೊರಡುವ ಮೊದಲು ವೈದ್ಯರನ್ನು ಕಂಡು ಬನ್ನಿ. ಕಾರಿನಲ್ಲಿ ಯಾವಾಗಲೂ ಹತ್ತು ಲೀಟರ್ ಕುಡಿಯುವ ನೀರು ಇರಲಿ.

ಬಿಕಾನೇರ್ ಬೇಡ ಎಂದುದಕ್ಕೆ ಕಾರಣ ಮಂಜು. ಬಿಕಾನೇರ್, ಶ್ರೀಗಂಗಾನಗರ, ಹನುಮಾನಗಢದ ಕಡೆ ಡಿಸೆಂಬರ್ ಕೊನೆ ಮತ್ತು ಜನವರಿಯಲ್ಲಿ ದಟ್ಟ ಮಂಜು ಕವಿಯುತ್ತದೆ. ಬೆಳಿಗ್ಗೆ ಹತ್ತರವರೆಗೂ ರಸ್ತೆ ಕಾಣದ ದಿನಗಳಿರುತ್ತವೆ. ಹತ್ತೂವರೆ ಗಂಟೆಯ ಹಗಲಿನಲ್ಲಿ ಇಷ್ಟು ಹೋದರೆ ಬಿಕಾನೇರಿನಿಂದ ಜೈಸಲ್ಮೇರಿಗಿರುವ ಸುಮಾರು 330 ಕಿ.ಮೀ. ಕತ್ತಲೆಯಲ್ಲೇ ಮುಗಿಯುವುದು. ಪಶ್ಚಿಮದ ಮಾರುತಗಳು ಬಂದಾಗ ಥಾರಿನಲ್ಲಿ ಚಳಿಗಾಲದ ಮಳೆಯೂ ಆಗುತ್ತದೆ. ‘ಮಾವಟ್’ ಎಂದು ಕರೆಯುವ ಆ ಮಳೆ ಗೋಧಿ ಮತ್ತು ಕಡಲೆ ಬೆಳೆಗೆ ವರ. ನಿಮಗೆ ಮಾತ್ರ ಒಂದು ದಿನ ಕಾರು ನಿಲ್ಲಿಸಿ ಕೂರುವ ಕೆಲಸ. ಅದಕ್ಕಾಗಿ ಒಂದು ದಿನವನ್ನು ಖಾಲಿ ಬಿಟ್ಟೇ ದಾರಿ ಹಾಕುತ್ತೇನೆ.

ಜೋಧಪುರದಲ್ಲಿ ಎರಡು ರಾತ್ರಿ ಇರಿ. 1459ರಲ್ಲಿ ರಾವ್ ಜೋಧಾ ಕಟ್ಟಲು ತೊಡಗಿದ ಮೆಹರಾನ್‌ಗಢ ಕೋಟೆ ನೋಡದೆ ಯಾರೂ ಬರುವುದಿಲ್ಲ, ಅದನ್ನು ನಾನು ಹೇಳಬೇಕಿಲ್ಲ. ಕೋಟೆಯ ಬುಡದಲ್ಲಿರುವ ರಾವ್ ಜೋಧಾ ಮರುಭೂಮಿ ಬಂಡೆ ಉದ್ಯಾನವನ್ನು ಬಿಡಬೇಡಿ. ಆ ಬಂಡೆಗಳ ಮೇಲೆಲ್ಲ ಹಬ್ಬಿದ್ದ ಬಳ್ಳಾರಿ ಜಾಲಿಯನ್ನು 2006ರಿಂದ ಬೇರುಸಹಿತ ಕಿತ್ತು, ಅಲ್ಲಿಯದೇ ಗಿಡಗಳನ್ನು ಮತ್ತೆ ನೆಟ್ಟಿದ್ದಾರೆ. ಮುಂದಿನ ಒಂದು ವಾರ ರಸ್ತೆಬದಿಯಲ್ಲಿ ಕಾಣುವ ಗಿಡಗಂಟಿಗಳ ಹೆಸರನ್ನು ಮಗ ಇಲ್ಲೇ ಕಲಿತುಕೊಳ್ಳಲಿ. ಆಮೇಲೆ ಕಾರಿನ ಕಿಟಕಿಯಾಚೆ ಅವನಿಗೆ ‘ಏನೂ ಇಲ್ಲ’ ಎಂದು ಕಾಣುವುದಿಲ್ಲ. ಅಲ್ಲಿನ ಖೇಜಡಿ ಬೇರೆ ಯಾವುದೂ ಅಲ್ಲ, ವಿಜಯದಶಮಿಯಂದು ನೀವು ಹಿರಿಯರ ಕೈಗೆ ಎಲೆ ಕೊಟ್ಟು ಕಾಲು ಮುಟ್ಟುವ ಬನ್ನಿ. ಇದೇ ಮರ ಕಡಿಯುವುದನ್ನು ತಡೆಯಲು 1730ರಲ್ಲಿ ಜೋಧಪುರದ ಹತ್ತಿರದ ಖೇಜಡ್ಲಿ ಗ್ರಾಮದಲ್ಲಿ ಅಮೃತಾದೇವಿ ಮತ್ತು ಅವಳ ಹಿಂದೆ ಬಂದ ಬಿಷ್ಣೋಯಿ ಪಂಥದವರು ಮರಗಳನ್ನು ಅಪ್ಪಿ ನಿಂತು ಪ್ರಾಣ ಕೊಟ್ಟರು. ಸತ್ತವರು 363 ಜನ. ನಗರದಿಂದ ಅರ್ಧ ದಿನದಲ್ಲಿ ಹೋಗಿ ಬರಬಹುದು. ತಾಯಿಯವರು ಆ ನೆಲದಲ್ಲಿ ಸ್ವಲ್ಪ ಹೊತ್ತು ಕೂತು ಬರಲಿ ಎಂಬುದು ನನ್ನ ಆಸೆ.

ಮೂರನೆಯ ದಿನ ಜೈಸಲ್ಮೇರಿಗೆ ನೇರ ಹೆದ್ದಾರಿ ಹಿಡಿಯಬೇಡಿ. ಓಸಿಯಾಂ ಮಾರ್ಗವಾಗಿ ಫಲೋದಿಗೆ ಹೋಗಿ, ಒಟ್ಟು ಸುಮಾರು 140 ಕಿ.ಮೀ. ಓಸಿಯಾಂನಲ್ಲಿ ಎಂಟನೆಯ ಶತಮಾನದಿಂದ ಕಟ್ಟುತ್ತ ಬಂದ ದೇವಾಲಯಗಳಿವೆ. ಐಹೊಳೆ, ಪಟ್ಟದಕಲ್ಲು ನೋಡಿ ಬೆಳೆದ ನಿಮ್ಮ ಕಣ್ಣಿಗೆ ಅಲ್ಲಿನ ಕಂಬಗಳು, ಶಿಖರಗಳು ಬಹಳ ಮಾತಾಡುತ್ತವೆ. ಮಧ್ಯಾಹ್ನ ಮೂರಕ್ಕೆ ಫಲೋದಿ ಸೇರಿ ಬೇಗ ಮಲಗಿ. ಮರುದಿನ ಈ ಪ್ರವಾಸದ ಅತ್ಯುತ್ತಮ ಬೆಳಗು ಕಾದಿದೆ.

ಫಲೋದಿಯ ಪಕ್ಕದ ಖೀಚನ್ ಗ್ರಾಮಕ್ಕೆ ಚಳಿಗಾಲದುದ್ದಕ್ಕೂ ಸಾವಿರಾರು ಡೆಮಾಯ್ಸೆಲ್ ಕ್ರೌಂಚಗಳು ಬಂದಿಳಿಯುತ್ತವೆ. ಅಲ್ಲಿನವರು ಅವನ್ನು ಕುರ್ಜಾ ಎನ್ನುತ್ತಾರೆ. ಮಧ್ಯ ಏಷ್ಯಾ, ಮಂಗೋಲಿಯಾಗಳಿಂದ ಬರುವ ಈ ಹಕ್ಕಿಗಳಿಗೆ ಊರಿನವರು, ಮುಖ್ಯವಾಗಿ ಜೈನ ಕುಟುಂಬಗಳು, ತಲೆಮಾರುಗಳಿಂದ ಕಾಳು ಹಾಕುತ್ತಿದ್ದಾರೆ. ಅದಕ್ಕೆಂದೇ ಬೇಲಿ ಹಾಕಿದ ‘ಚುಗ್ಗಾ ಘರ್’ ಊರೊಳಗೇ ಇದೆ. ಬೆಳಕು ಹರಿಯುವ ಮೊದಲೇ ಪಕ್ಕದ ಮಹಡಿಯೊಂದನ್ನು ಅನುಮತಿ ಕೇಳಿ ಏರಿ ನಿಲ್ಲಿ. ಮೊದಲು ಸದ್ದು ಕೇಳುತ್ತದೆ, ದೂರದಿಂದ ಬರುವ ಗೊಗ್ಗರು ಕೂಗು. ಆಮೇಲೆ ಸಾಲುಗಳು ಕಾಣುತ್ತವೆ. ಒಮ್ಮೆಗೇ ಇಳಿಯುವುದಿಲ್ಲ. ಸುತ್ತು ಹಾಕುತ್ತವೆ, ಒಂದು ಗುಂಪು ಇಳಿದು ಮತ್ತೆ ಏಳುತ್ತದೆ, ನಾಯಿ ಬೊಗಳಿದರೆ ಎಲ್ಲವೂ ಹಾರುತ್ತವೆ. ಕೊನೆಗೆ ಒಂದು ಇಳಿದು ನಿಂತಿತೆಂದರೆ ಉಳಿದವು ಅದರ ಸುತ್ತ ಒತ್ತೊತ್ತಾಗಿ ಇಳಿದು ನೆಲವೇ ಬೂದುಬಣ್ಣವಾಗುತ್ತದೆ. ಕಪ್ಪು ಕೊರಳು, ಕಿವಿಯ ಹಿಂದೆ ಇಳಿಬಿಟ್ಟ ಬಿಳಿ ಗರಿ, ಕೆಂಪು ಕಣ್ಣು ಇವೆಲ್ಲ ಬೈನಾಕ್ಯುಲರ್ ಇಲ್ಲದೆಯೂ ಕಾಣುವಷ್ಟು ಹತ್ತಿರ. ಕಾಳು ಮುಗಿಸಿ ಹೊತ್ತೇರುತ್ತಿದ್ದಂತೆ ಅವು ಕೆರೆಗಳ ಕಡೆಗೆ ಹೋಗುತ್ತವೆ. ನಿಮ್ಮ ನೆರೆಯ ಗದಗ ಜಿಲ್ಲೆಯ ಮಾಗಡಿ ಕೆರೆಗೂ ಹೀಗೆಯೇ ಹಿಮಾಲಯ ದಾಟಿ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ. ಮಾಗಡಿ ಕೆರೆ 2024ರಲ್ಲಿ, ಖೀಚನ್ 2025ರಲ್ಲಿ ಜಗತ್ತಿನ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿದವು. ಮಗನಿಗೆ ಹೋಗುವ ಮೊದಲು ಮಾಗಡಿಯನ್ನು ಒಮ್ಮೆ ತೋರಿಸಿದ್ದರೆ ಖೀಚನ್‌ನಲ್ಲಿ ಅವನು ಇನ್ನಷ್ಟು ನೋಡುತ್ತಾನೆ. ಡ್ರೋನ್ ಬೇಡ, ಹತ್ತಿರ ಓಡಿಹೋಗುವುದು ಬೇಡ.

ಅಲ್ಲಿಂದ ರಾಮದೇವರಾ, ಪೋಖ್ರಣ್ ದಾಟಿ ಜೈಸಲ್ಮೇರ್ ಸೇರಲು ಮೂರು ಗಂಟೆಯ ದಾರಿ. ರಾಮದೇವರಾದಲ್ಲಿ ಹಿಂದೂಗಳೂ ಮುಸ್ಲಿಮರೂ ನಡೆದುಕೊಳ್ಳುವ ಬಾಬಾ ರಾಮದೇವರ ಗುಡಿಯಿದೆ. ಹರಕೆಗೆ ಬಟ್ಟೆಯ ಕುದುರೆಗಳನ್ನು ಒಪ್ಪಿಸುತ್ತಾರೆ. ಪೋಖ್ರಣ್ ಎಂದ ಕೂಡಲೇ ಅಣುಪರೀಕ್ಷೆಯ ಜಾಗ ನೋಡಬಹುದೇ ಎಂದು ಕೇಳುತ್ತಾರೆ. 1974 ಮತ್ತು 1998ರ ಪರೀಕ್ಷೆಗಳು ನಡೆದದ್ದು ಸೇನೆಯ ವಶದಲ್ಲಿರುವ ನೆಲ, ಸಾರ್ವಜನಿಕರಿಗೆ ಪ್ರವೇಶವಿಲ್ಲ. ಊಟ ಮಾಡಿ ಮುಂದುವರಿಯಿರಿ.

ಜೈಸಲ್ಮೇರಿನಲ್ಲಿ ಎರಡು ರಾತ್ರಿ. ಕೋಟೆಯ ಒಳಗೆ ಕೋಣೆ ಮಾಡಬೇಡಿ, ಹೊರಗಿನ ಊರಿನಲ್ಲಿ ಮಾಡಿ. 1156ರಲ್ಲಿ ಕಟ್ಟಲು ತೊಡಗಿದ ಈ ಕೋಟೆಯೊಳಗೆ ಇಂದಿಗೂ ಜನ ವಾಸವಾಗಿದ್ದಾರೆ. ಅದೇ ಅದರ ಸೊಬಗು. ಆದರೆ ಅದು ನಿಂತಿರುವುದು ಮೆದು ಮರಳುಗಲ್ಲು ಮತ್ತು ಜೇಡಿಯ ಗುಡ್ಡದ ಮೇಲೆ. ಕೊಡದಲ್ಲಿ ನೀರು ಹೊತ್ತು ಬದುಕುವವರಿಗೆಂದು ಕಟ್ಟಿದ ಊರಿಗೆ ನಲ್ಲಿಗಳು ಬಂದವು, ವಸತಿಗೃಹಗಳು ಬಂದವು. ಇಂಗಿದ ನೀರು ಅಡಿಪಾಯವನ್ನು ಸಡಿಲಿಸಿ ಬುರುಜುಗಳು ಕುಸಿದಿವೆ. ನೀವು ಒಳಗೆ ಉಳಿಯದೆ ಹಗಲಿಗೆ ಹೋಗಿ ನೋಡಿ ಬಂದರೆ ಅದರ ಮೇಲಿನ ಭಾರ ಅಷ್ಟಾದರೂ ಕಡಿಮೆ. ನಾನು ಈ ವಿಷಯದಲ್ಲಿ ರಾಜಿಯಾಗುವುದಿಲ್ಲ.

ಐದನೆಯ ದಿನ ತನೋಟ್ ಮತ್ತು ಲೋಂಗೇವಾಲಾ. ಜೈಸಲ್ಮೇರ್, ರಾಮಗಢ, ತನೋಟ್, ಲೋಂಗೇವಾಲಾ, ಮತ್ತೆ ರಾಮಗಢದ ಮೂಲಕ ಜೈಸಲ್ಮೇರ್, ಒಟ್ಟು ಸುಮಾರು 280 ಕಿ.ಮೀ. ಈ ದಿನ ಮತ್ತು ಮರಳುವ ಎಂಟನೆಯ ದಿನ ಮಾತ್ರ ನಾಲ್ಕು ಗಂಟೆಯ ಮಿತಿ ಮೀರುತ್ತದೆ. ಬೆಳಿಗ್ಗೆ ಎಂಟಕ್ಕೆ ಹೊರಡಿ. ಭಾರತೀಯ ಪ್ರಜೆಗಳಿಗೆ ತನೋಟ್ ಮಂದಿರ ಮತ್ತು ಲೋಂಗೇವಾಲಾ ಯುದ್ಧ ಸ್ಮಾರಕಕ್ಕೆ ಹೋಗಲು ವಿಶೇಷ ಅನುಮತಿ ಬೇಕಿಲ್ಲ, ಗುರುತಿನ ಚೀಟಿ ಸಾಕು. ಮಂದಿರದ ಆಚೆ ಗಡಿಕಂಬದವರೆಗೆ ಹೋಗಬೇಕೆಂದರೆ ಮಾತ್ರ ಅನುಮತಿ ಪಡೆಯಬೇಕು. ನಿಮ್ಮ ಜೊತೆ ವಿದೇಶಿ ಪಾಸ್‌ಪೋರ್ಟ್ ಇರುವ ಬಂಧುಗಳು ಸೇರಿಕೊಳ್ಳುವಂತಿದ್ದರೆ, ಅವರು ಹುಟ್ಟಿದ್ದು ಧಾರವಾಡದಲ್ಲೇ ಆದರೂ, ಗಡಿಭಾಗದ ನಿಯಮ ಅವರಿಗೆ ಬೇರೆ. ಜಿಲ್ಲಾಡಳಿತದಲ್ಲಿ ಮೊದಲೇ ವಿಚಾರಿಸಬೇಕು. ಗಡಿಗೆ ಹತ್ತಿರದ ಹಳ್ಳಿಗಳಲ್ಲಿ ರಾತ್ರಿ ಸಂಚಾರಕ್ಕೆ ಜಿಲ್ಲಾಧಿಕಾರಿಗಳು ಆಗಾಗ ನಿರ್ಬಂಧ ಹೇರುತ್ತಾರೆ. ಹೊರಡುವ ಹಿಂದಿನ ದಿನ ಜೈಸಲ್ಮೇರಿನಲ್ಲಿ ಕೇಳಿ ತಿಳಿದುಕೊಳ್ಳಿ. ಇಂಧನವನ್ನು ಜೈಸಲ್ಮೇರಿನಲ್ಲೇ ಪೂರ್ತಿ ತುಂಬಿಸಿ. ರಾಮಗಢದ ನಂತರ ಮೊಬೈಲ್ ಸಂಪರ್ಕ ನಂಬುವಂತಿಲ್ಲ, ಆದ್ದರಿಂದ ನಕ್ಷೆಯನ್ನು ಮೊದಲೇ ಫೋನಿಗೆ ಇಳಿಸಿಕೊಳ್ಳಿ. ನಕ್ಷೆ ‘ಹತ್ತಿರದ ದಾರಿ’ ಎಂದು ಮಣ್ಣಿನ ಜಾಡು ತೋರಿಸಿದರೆ ನಂಬಬೇಡಿ. ಡಾಂಬರಿನ ಮೇಲೆ ಮಾತ್ರ ಹೋಗಿ.

ತನೋಟ್ ಮಾತೆಯ ಗುಡಿಯನ್ನು ನೋಡಿಕೊಳ್ಳುವವರು ಗಡಿ ಭದ್ರತಾ ಪಡೆಯ ಯೋಧರು. 1965ರ ಯುದ್ಧದಲ್ಲಿ ಬಿದ್ದು ಸಿಡಿಯದೆ ಉಳಿದ ಶೆಲ್ಲುಗಳನ್ನು ಗುಡಿಯಲ್ಲೇ ಇಟ್ಟಿದ್ದಾರೆ. ಲೋಂಗೇವಾಲಾದಲ್ಲಿ ಮಾತ್ರ ಹೆಚ್ಚು ಹೊತ್ತು ನಿಲ್ಲಿ. 1971ರ ಡಿಸೆಂಬರ್ 4ರ ರಾತ್ರಿ ಪಾಕಿಸ್ತಾನದ ಟ್ಯಾಂಕುಗಳು ಈ ಠಾಣೆಯ ಕಡೆಗೆ ಬಂದಾಗ ಇಲ್ಲಿದ್ದದ್ದು ಮೇಜರ್ ಕುಲದೀಪ್ ಸಿಂಗ್ ಚಾಂದಪುರಿ ಅವರ ನೇತೃತ್ವದ ಸುಮಾರು 120 ಸೈನಿಕರ ತುಕಡಿ. ಜೈಸಲ್ಮೇರಿನಲ್ಲಿದ್ದ ವಾಯುಪಡೆಯ ಹಂಟರ್ ವಿಮಾನಗಳಿಗೆ ರಾತ್ರಿ ಕಾದಾಡುವ ಸಲಕರಣೆ ಇರಲಿಲ್ಲ. ಬೆಳಕು ಹರಿಯುವವರೆಗೆ ಠಾಣೆಯನ್ನು ಬಿಡದೆ ಹಿಡಿದು ನಿಲ್ಲಬೇಕಿತ್ತು, ನಿಂತರು. ಮರಳಿನಲ್ಲಿ ಹೂತು ನಿಂತ ಟ್ಯಾಂಕುಗಳ ಮೇಲೆ ಬೆಳಗಾಗುತ್ತಲೇ ವಿಮಾನಗಳು ಎರಗಿದವು. ಅಲ್ಲಿನ ದಿಬ್ಬದ ಮೇಲೆ ನಿಂತು, ಕಾರಿನ ಚಕ್ರವನ್ನೇ ಹಿಡಿಯುವ ಈ ಮರಳು ಟ್ಯಾಂಕನ್ನು ಏನು ಮಾಡಿರಬೇಕು ಎಂದು ಮಗನಿಗೆ ತೋರಿಸಿ. ನಿಮ್ಮ ತಾಯಿಯವರಿಗೆ ಆ ಡಿಸೆಂಬರ್ ನೆನಪಿದ್ದೇ ಇರುತ್ತದೆ, ಅವರಿಂದಲೂ ಕೇಳಲಿ.

ಆರನೆಯ ದಿನ ಬೆಳಿಗ್ಗೆ ಕೋಟೆ, ಪಟವಾ ಹವೇಲಿಗಳು, ಗಡೀಸರ್ ಕೆರೆ ಮುಗಿಸಿ ಮಧ್ಯಾಹ್ನ ಕುಲಧರಾ ಮತ್ತು ಖಾಬಾ ದಾರಿಯಾಗಿ ಖುರಿಗೆ ಹೊರಡಿ. ಕುಲಧರಾ ಪಾಲಿವಾಲ ಬ್ರಾಹ್ಮಣರು ಬಿಟ್ಟುಹೋದ ಊರು. ಅಲ್ಲಿ ಎಲ್ಲರೂ ನಿಮಗೆ ದೆವ್ವದ ಕಥೆ ಹೇಳುತ್ತಾರೆ. ನಾನು ನಿಮ್ಮನ್ನು ಕಳಿಸುವುದು ನೀರಿನ ಕಥೆಗಾಗಿ. ಜೈಸಲ್ಮೇರಿನಲ್ಲಿ ವರ್ಷಕ್ಕೆ 200 ಮಿ.ಮೀ. ಮಳೆಯೂ ಆಗುವುದಿಲ್ಲ. ಆಗುಂಬೆಯಲ್ಲಿ ಮಳೆಗಾಲದ ಒಂದೆರಡು ದಿನದಲ್ಲೇ ಅಷ್ಟು ಸುರಿಯುವುದುಂಟು. ಅಷ್ಟರಲ್ಲೇ ಪಾಲಿವಾಲರು ಗೋಧಿ ಬೆಳೆದರು. ಸುತ್ತಲಿನ ಕಲ್ಲುನೆಲದ ಮೇಲೆ ಬಿದ್ದ ಮಳೆ ಹರಿದು ತಗ್ಗಿಗೆ ಬರುವಲ್ಲಿ ಉದ್ದನೆಯ ಮಣ್ಣಿನ ಒಡ್ಡು ಹಾಕುತ್ತಿದ್ದರು. ನಿಂತ ನೀರು ಮಳೆಗಾಲದ ಕೊನೆಗೆ ಇಂಗಿದ ಮೇಲೆ ಆ ಹಸಿಯಲ್ಲೇ ಗೋಧಿ, ಕಡಲೆ ಬಿತ್ತುತ್ತಿದ್ದರು. ಬೇರೆ ನೀರಾವರಿ ಬೇಕಾಗುತ್ತಿರಲಿಲ್ಲ. ಇದಕ್ಕೆ ಖಡೀನ್ ಎನ್ನುತ್ತಾರೆ. ಇಂದಿಗೂ ಇಂಥ ಹೊಲಗಳಲ್ಲಿ ಬೆಳೆ ತೆಗೆಯುತ್ತಾರೆ. ಬೋಳು ಕಲ್ಲುನೆಲದ ನಡುವೆ ಇದ್ದಕ್ಕಿದ್ದಂತೆ ಹಸಿರು ಗೋಧಿಯ ತಟ್ಟೆ ಕಾಣುವುದು ಡಿಸೆಂಬರಿನಲ್ಲಿ ಬಂದವರ ಭಾಗ್ಯ.

ಡೇರೆಯ ಪ್ರಶ್ನೆಗೆ ಬರುತ್ತೇನೆ. ಹೆಸರುವಾಸಿ ಜಾಗ ಸಮ್. ಜೈಸಲ್ಮೇರಿನಿಂದ ನಲವತ್ತು ಚಿಲ್ಲರೆ ಕಿ.ಮೀ. ಡಿಸೆಂಬರ್ ಕೊನೆಯ ವಾರದಲ್ಲಿ ಅಲ್ಲಿ ಸಾಲು ಸಾಲು ಡೇರೆಗಳು, ಜೀಪುಗಳ ಭರಾಟೆ, ಮಧ್ಯರಾತ್ರಿಯವರೆಗೆ ಧ್ವನಿವರ್ಧಕ, ದುಪ್ಪಟ್ಟು ಬೆಲೆ. ಖುರಿ ಅದಕ್ಕಿಂತ ಶಾಂತವಾದ ಹಳ್ಳಿ. ದಿಬ್ಬಗಳು ಊರಂಚಿಗೇ ಇವೆ. ಡೇರೆಯ ಬದಲು ಮಣ್ಣಿನ ಗೋಡೆಯ, ಹುಲ್ಲಿನ ಸೂರಿನ ದುಂಡು ಗುಡಿಸಿಲಿನಲ್ಲಿ ಉಳಿಯಿರಿ. ಬಟ್ಟೆಯ ಡೇರೆಗಿಂತ ಅದು ರಾತ್ರಿ ಬೆಚ್ಚಗಿರುತ್ತದೆ. ಇಲ್ಲಿ ಎರಡು ರಾತ್ರಿ ಇರಿ. ಖಾಲಿ ಬಿಟ್ಟ ದಿನ ಎಂದೆನಲ್ಲ, ಅದು ಇಲ್ಲಿಯದು. ಮಂಜೋ ಮಳೆಯೋ ಹಿಂದೆ ಎಲ್ಲಾದರೂ ಒಂದು ದಿನ ನುಂಗಿದರೆ ಖುರಿಯ ಎರಡನೆಯ ರಾತ್ರಿಯನ್ನು ಬಿಟ್ಟುಬಿಡಿ. ನುಂಗದಿದ್ದರೆ ಆ ದಿನ ಕಾರಿನ ಕೀಲಿಯನ್ನು ಮುಟ್ಟಲೇಬೇಡಿ. ಬೆಳಿಗ್ಗೆ ದಿಬ್ಬದ ಮೇಲೆ ರಾತ್ರಿ ಓಡಾಡಿದ ಜೀರುಂಡೆ, ಮರುಭೂಮಿ ಇಲಿ, ನರಿಗಳ ಹೆಜ್ಜೆಗುರುತು ಹುಡುಕುತ್ತ ಮಗ ಅರ್ಧ ದಿನ ಕಳೆಯುತ್ತಾನೆ. ಹೊತ್ತೇರಿ ಗಾಳಿ ಬೀಸಿದರೆ ಅವು ಅಳಿಸಿಹೋಗುತ್ತವೆ, ಏಳೂವರೆಗೇ ಹೋಗಬೇಕು. ಒಂಟೆ ಸವಾರಿ ನಿಮಗೂ ಮಗನಿಗೂ ಇರಲಿ. ತಾಯಿಯವರಿಗೆ ಬೇಡ. ಒಂಟೆ ಏಳುವಾಗ ಹಿಂಗಾಲಿನಿಂದ ಏಳುತ್ತದೆ, ಕೂತವರು ಮುಂದಕ್ಕೆ ಮುಗ್ಗರಿಸುತ್ತಾರೆ. ಅವರಿಗೆ ಒಂಟೆಗಾಡಿ ಮಾಡಿಸಿ. ರಾತ್ರಿ ಹಾಡು ಕೇಳುವ ಆಸೆಯಿದ್ದರೆ ಧ್ವನಿವರ್ಧಕವಿಲ್ಲದೆ ಹಾಡುವ ಮಾಂಗಣಿಯಾರ್ ಗಾಯಕರನ್ನು ಕರೆಸಲು ಆತಿಥೇಯರಿಗೆ ಹೇಳಿ. ಕಮಾನಿನಿಂದ ನುಡಿಸುವ ಕಮಾಯ್ಚಾ ಮತ್ತು ಮರದ ತಾಳವಾದ ಖಡತಾಲ್ ಹತ್ತಿರದಿಂದ ಕೇಳಿದರೆ ಮಾತ್ರ ಕೇಳಿದಂತೆ. ಅವರ ಸಂಭಾವನೆಯನ್ನು ಮೊದಲೇ ಮಾತಾಡಿ ಅವರ ಕೈಗೇ ಕೊಡಿ.

ಈ ಸೀಮೆಯಲ್ಲೇ ಮರುಭೂಮಿ ರಾಷ್ಟ್ರೀಯ ಉದ್ಯಾನವಿದೆ, 3,162 ಚದರ ಕಿ.ಮೀ. ನಮ್ಮ ಬಳ್ಳಾರಿ ಸೀಮೆಯ ಸಿರುಗುಪ್ಪದ ಹೊಲಗಳಲ್ಲಿ ಬೆರಳೆಣಿಕೆಯಷ್ಟು ಉಳಿದಿರುವ ಎರೆಭೂತ ಹಕ್ಕಿಯ ಕೊನೆಯ ದೊಡ್ಡ ನೆಲೆ ಇದೇ. ಅಲ್ಲಿ ಅದು ಗೋಡಾವಣ್. ಕಂಡರೆ ಪುಣ್ಯ, ಕಾಣದಿದ್ದರೆ ಹುಡುಕಲು ಜೀಪು ಓಡಿಸಬೇಡಿ.

ಊಟಕ್ಕೆ ನೀವು ಪರದಾಡುವುದಿಲ್ಲ. ಸಂಕ್ರಾಂತಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ತಿನ್ನುವವರಿಗೆ ಅಲ್ಲಿನ ಬಾಜ್ರಾ ರೊಟ್ಟಿ, ಬೆಲ್ಲ, ತುಪ್ಪ ಮನೆಯ ಊಟವೇ. ಬನ್ನಿಯ ಕಾಯಿ ಒಣಗಿಸಿದ ಸಾಂಗ್ರಿಯನ್ನು ಕೇರ್ ಕಾಯಿಯ ಜೊತೆ ಬೇಯಿಸಿದ ಪಲ್ಯವನ್ನು ಹಳ್ಳಿಯ ಮನೆಯಲ್ಲೇ ತಿನ್ನಿ. ಜೈನರ ನಾಡಾದ್ದರಿಂದ ಈರುಳ್ಳಿ, ಬೆಳ್ಳುಳ್ಳಿ ಇಲ್ಲದ ಅಡುಗೆ ಕೇಳಿದರೆ ಯಾರೂ ಹುಬ್ಬೇರಿಸುವುದಿಲ್ಲ.

ಎಂಟನೆಯ ದಿನ ಬೆಳಿಗ್ಗೆ ಖುರಿಯಿಂದ ಹೊರಟು ಹಗಲಿರುವಾಗಲೇ ಜೋಧಪುರ ಸೇರಿ. 300 ಕಿ.ಮೀ. ದಾಟುವ ಈ ದಿನ ದಾರಿಯಲ್ಲಿ ಊಟಕ್ಕೆ ಬಿಟ್ಟರೆ ಬೇರೆಲ್ಲೂ ನಿಲ್ಲಬೇಡಿ. ಬಾರ್ಮೇರ್ ಮಾರ್ಗವಾಗಿ ಬಂದು ಕಿರಾಡು ದೇವಾಲಯಗಳನ್ನು ನೋಡಬೇಕೆನ್ನಿಸಿದರೆ ಇನ್ನೊಂದು ರಾತ್ರಿ ಬೇಕು. ಆ ರಾತ್ರಿ ನಿಮ್ಮ ಬಳಿ ಇಲ್ಲ.

ಕಾದಿರಿಸುವ ಕೆಲಸ ಈ ಕ್ರಮದಲ್ಲಿರಲಿ. ರೈಲಿನ ಮುಂಗಡ ಟಿಕೆಟ್ ತೆರೆಯುವುದು 60 ದಿನ ಮೊದಲು. ಅಕ್ಟೋಬರ್ 21ರ ಸುಮಾರಿಗೆ ಬೆಳಿಗ್ಗೆ ಎಂಟಕ್ಕೆ ಸಿದ್ಧವಾಗಿರಿ, ತಾಯಿಯವರಿಗೆ ಕೆಳಗಿನ ಬರ್ತ್ ಕೇಳಿ. ಆಮೇಲೆ ಖುರಿ, ಆಮೇಲೆ ಫಲೋದಿ. ಈ ಎರಡು ಕಡೆ ಕೋಣೆಗಳು ಕಡಿಮೆ. ಜೋಧಪುರ ಮತ್ತು ಜೈಸಲ್ಮೇರಿನಲ್ಲಿ ಆಯ್ಕೆ ಬೇಕಾದಷ್ಟಿದೆ, ಆದರೂ ಹೊಸವರ್ಷದ ವಾರವಾದ್ದರಿಂದ ನವೆಂಬರ್ ದಾಟಿಸಬೇಡಿ. ಹೊರಡುವ ಹಿಂದಿನ ವಾರದಿಂದ ಹವಾಮಾನ ಇಲಾಖೆಯ ಜೈಪುರ ಕೇಂದ್ರದ ಮುನ್ಸೂಚನೆಯನ್ನು ದಿನಾ ಸಂಜೆ ನೋಡುತ್ತಿರಿ. ಪಶ್ಚಿಮ ರಾಜಸ್ಥಾನಕ್ಕೆ ಶೀತಗಾಳಿಯ ಎಚ್ಚರಿಕೆ ಇದ್ದರೆ ಖುರಿಯವರಿಗೆ ಫೋನ್ ಮಾಡಿ ತಾಯಿಯವರಿಗೆ ಇನ್ನೆರಡು ರಜಾಯಿ ಇಟ್ಟಿರಲು ಹೇಳಿ.